ಕೋವಿಗಳ ಶಿಲ್ಪಿ ಜಾನ್ ಬ್ರೌನಿಂಗ್

ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸ ಎಲ್ಲ ನಾಡುಗಳಲ್ಲಿಯೂ ಉಂಟು. ನಮ್ಮಲ್ಲಿ ನಾಣ್ಯ, ಅಂಚೆಚೀಟಿ, ಹಿತ್ತಾಳೆಯ ದೀಪ, ಗ್ರಾಮಫೋನುಗಳನ್ನು ಜೋಪಾನ ಮಾಡುವವರಿರುವಂತೆ ಅಮೆರಿಕದಲ್ಲಿ ಹಳೆಯ ಕೋವಿಗಳನ್ನು ಸಂಗ್ರಹಿಸಿ, ಒರೆಸಿ ಎಣ್ಣೆ ಹಚ್ಚಿ, ಆಗಾಗ ಗುರಿಯ ಮೈದಾನಕ್ಕೊಯ್ದು ಹಾರಿಸಿಯೂ ನೋಡುವವರ ದೊಡ್ಡ ಬಳಗವೇ ಇದೆ. ಆ ಬಳಗದ ವಿಶೇಷ ಪ್ರೀತಿಗೆ ಪಾತ್ರವಾದ ಆಯುಧಗಳಲ್ಲಿ ಒಂದು, ವಿಂಚೆಸ್ಟರ್ ಕಂಪನಿಯ 1887ರ ಮಾದರಿಯ ಲಿವರ್ ಕೋವಿ. ಹಿಡಿಯ ಕೆಳಗೆ ಬೆರಳು ತೂರಿಸಿ ಹಿಡಿಯುವ ಉಕ್ಕಿನ ಬಳೆಯೊಂದನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆಳೆದರೆ ಸುಟ್ಟ ತೋಟಾ ಹೊರಬಿದ್ದು ಹೊಸ ತೋಟಾ ನಳಿಗೆಯೊಳಗೆ ಸೇರುವ ಕೋವಿ ಇದು. 1991ರಲ್ಲಿ ತೆರೆಕಂಡ ಟರ್ಮಿನೇಟರ್ ಸರಣಿಯ ಎರಡನೆಯ ಚಿತ್ರದಲ್ಲಿ ನಾಯಕನು ಮೋಟಾರ್‌ಸೈಕಲ್ ಓಡಿಸುತ್ತಲೇ ಒಂದೇ ಕೈಯಲ್ಲಿ ತಿರುಗಿಸಿ ತೋಟಾ ತುಂಬಿಕೊಳ್ಳುವ ಕೋವಿಯನ್ನು ಕಂಡವರಿಗೆ ಇದರ ಆಕಾರ ನೆನಪಿರಬಹುದು.

ಸ್ವಾರಸ್ಯದ ಸಂಗತಿಯೆಂದರೆ, ಈ ಕೋವಿಯನ್ನು ರೂಪಿಸಿದವನಿಗೇ ಅದರ ಲಿವರ್ ಬಗ್ಗೆ ಮನಸ್ಸಿನೊಪ್ಪಿಗೆ ಇರಲಿಲ್ಲ. ಕೊಳ್ಳುವವರು ಕೇಳಿದರೆಂದು ಮಾಡಿಕೊಟ್ಟನು. ಮಾಡಿಕೊಟ್ಟದ್ದನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟನು. ಹದಿನೈದು ವರ್ಷಗಳ ಬಳಿಕ ಅದೇ ಗಿರಾಕಿಯ ಎದುರು ಎದ್ದುನಿಂತು, ಇನ್ನು ನಿಮ್ಮ ಮರ್ಜಿಯಂತೆ ನಡೆಯಲಾರೆನೆಂದು ಹೊರಟುಬಂದನು. ಆತನೇ ಜಾನ್ ಮೋಸೆಸ್ ಬ್ರೌನಿಂಗ್. ಇಪ್ಪತ್ತನೆಯ ಶತಮಾನದ ಬಂದೂಕುಗಳ ಚರಿತ್ರೆಯಲ್ಲಿ ಇಷ್ಟು ಆಳದ ಗುರುತು ಬಿಟ್ಟುಹೋದ ಇನ್ನೊಬ್ಬ ಕುಶಲಕರ್ಮಿ ಸಿಗುವುದು ಕಷ್ಟ.

ತಂದೆಯ ಕುಲುಮೆ

ಜಾನ್ ಬ್ರೌನಿಂಗ್ 1855ರ ಜನವರಿಯಲ್ಲಿ ಅಮೆರಿಕದ ಪಶ್ಚಿಮ ಭಾಗದ ಯೂಟಾ ಪ್ರಾಂತ್ಯದ ಆಗ್ಡೆನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಜೊನಾಥನ್ ಬ್ರೌನಿಂಗ್ ವೃತ್ತಿಯಿಂದ ಕೋವಿ ಕಮ್ಮಾರ. ಟೆನೆಸಿಯಲ್ಲಿ ಹುಟ್ಟಿ, ಇಲಿನಾಯ್‌ನಲ್ಲಿ ನೆಲೆಸಿದ್ದಾಗ ಮಾರ್ಮನ್ ಪಂಥವನ್ನು ಸೇರಿದವನು. ಆ ಪಂಥದವರು ವಿರೋಧ, ಹಿಂಸೆಗಳಿಗೆ ಗುರಿಯಾಗಿ ಪಶ್ಚಿಮದ ಮರುಭೂಮಿಯತ್ತ ಗುಳೆ ಹೊರಟಾಗ ಜೊನಾಥನ್ ದಾರಿಯಲ್ಲಿ ಕೆಲವು ವರ್ಷ ನಿಂತು ವಲಸೆಗಾರರಿಗೆ ಬಂದೂಕುಗಳನ್ನು ಮಾಡಿಕೊಟ್ಟನು. 1852ರಲ್ಲಿ ಆಗ್ಡೆನ್ ತಲುಪಿ ಅಂಗಡಿ ಹೂಡಿದನು. ಆ ಕಾಲದ ಮಾರ್ಮನ್ನರ ಪದ್ಧತಿಯಂತೆ ಆತನಿಗೆ ಮೂವರು ಪತ್ನಿಯರು, 22 ಮಕ್ಕಳು. ಮನೆಯೆಂದರೆ ಒಂದು ಸಣ್ಣ ಊರೇ.

ಜೊನಾಥನ್ ತಾನೂ ಒಬ್ಬ ಸಂಶೋಧಕ. ಹಾರ್ಮೋನಿಯಂ ಮನೆಯಂತೆ ಪಕ್ಕದಿಂದ ಪಕ್ಕಕ್ಕೆ ಸರಿಯುವ ಉಕ್ಕಿನ ಪಟ್ಟಿಯಲ್ಲಿ ಹಲವು ಗುಂಡುಗಳನ್ನು ಇಟ್ಟು ಒಂದಾದ ಮೇಲೊಂದು ಹಾರಿಸುವ ಬಂದೂಕನ್ನು ಆತ ತಯಾರಿಸಿದ್ದನು. ಆದರೆ ಮರುಭೂಮಿಯ ಅಂಚಿನ ಊರಿನಲ್ಲಿ ಹೊಸ ಬಂದೂಕಿಗಿಂತ ಮುರಿದ ನೇಗಿಲು, ಕೆಟ್ಟ ಬೀಗ, ಸವೆದ ಗಾಡಿಯ ಕೀಲುಗಳೇ ಹೆಚ್ಚಾಗಿ ಬರುತ್ತಿದ್ದವು. ಜಾನ್ ಬೆಳೆದದ್ದು ಈ ರಿಪೇರಿ ಅಂಗಡಿಯ ಕಬ್ಬಿಣದ ರಾಶಿಯ ನಡುವೆ. ಓದು ಬರಹ ಕಲಿಯುವುದಕ್ಕೂ ಮುನ್ನವೇ ಕೋವಿಯ ಬಿಡಿಭಾಗಗಳ ಹೆಸರು ಆತನಿಗೆ ಗೊತ್ತಾಗಿತ್ತೆಂದು ಮನೆಯವರು ಹೇಳುತ್ತಿದ್ದರು.

ಹತ್ತನೆಯ ವಯಸ್ಸಿನಲ್ಲಿ ಆತ ಮಾಡಿದ ಮೊದಲ ಕೋವಿಯ ಕತೆ ಆ ಕುಟುಂಬದಲ್ಲಿ ಬಹುಕಾಲ ಉಳಿಯಿತು. ರಾಶಿಯಲ್ಲಿ ಬಿದ್ದಿದ್ದ ಹಾಳು ನಳಿಗೆಯೊಂದನ್ನು ಆಯ್ದು, ಮರದ ತುಂಡೊಂದನ್ನು ಕೊಡಲಿಯಿಂದ ಕೆತ್ತಿ ಹಿಡಿ ಮಾಡಿ, ತಮ್ಮ ಮ್ಯಾಟ್‌ನನ್ನು ಜೊತೆಗಿಟ್ಟುಕೊಂಡು ಬಯಲಿಗೆ ಹೋದನು. ಕುದುರೆಯಿಲ್ಲ, ಟ್ರಿಗರಿಲ್ಲ. ಅಣ್ಣ ಗುರಿಯಿಟ್ಟರೆ ತಮ್ಮ ಮದ್ದಿಗೆ ಕೆಂಡ ತಾಗಿಸಬೇಕು. ಇಬ್ಬರೂ ಬಯಲುಕೋಳಿಗಳನ್ನು ಹೊಡೆದು ಮನೆಗೆ ತಂದರು. ತಂದೆ ಆ ಕೋವಿಯನ್ನು ತಿರುವಿ ತಿರುವಿ ನೋಡಿದನು. ಅನುಮತಿಯಿಲ್ಲದೆ ಮಾಡಿದ್ದಕ್ಕೆ ಗದರಿಸಲಿಲ್ಲ. ಹನ್ನೊಂದು ಹತ್ತಿರವಾಗುತ್ತಿರುವ ಹುಡುಗ ಇದಕ್ಕಿಂತ ಉತ್ತಮವಾದದ್ದನ್ನು ಮಾಡಬೇಕಾಗಿತ್ತೆಂದಷ್ಟೇ ಹೇಳಿದನಂತೆ. ಆ ಮಾತು ಮಗನನ್ನು ಬೇಟೆಯ ಹೆಮ್ಮೆಗಿಂತ ಆಳವಾಗಿ ತಟ್ಟಿತು. ಕೋವಿ ಹಾರಿದರೆ ಸಾಲದು, ಕೆಲಸ ಚೆನ್ನಾಗಿರಬೇಕು ಎಂಬ ಪಾಠ ಅಲ್ಲಿಂದ ಶುರುವಾಯಿತು.

1869ರ ಮೇ 10ರಂದು ಅಮೆರಿಕದ ಪೂರ್ವ ಪಶ್ಚಿಮ ತೀರಗಳನ್ನು ಜೋಡಿಸುವ ರೈಲುಹಳಿಗಳು ಯೂಟಾದ ಪ್ರೊಮಾಂಟರಿಯಲ್ಲಿ ಒಂದಾದವು. ಹತ್ತಿರದ ಆಗ್ಡೆನ್ ಬೇಗನೆ ದೊಡ್ಡ ರೈಲು ಕೂಡುದಾಣವಾಯಿತು. ಅದುವರೆಗೆ ತಿಂಗಳುಗಟ್ಟಲೆ ಎತ್ತಿನ ಬಂಡಿಯ ಹಾದಿಯಾಗಿದ್ದ ಪೂರ್ವದ ಕಾರ್ಖಾನೆಗಳು ಕೆಲವೇ ದಿನಗಳ ದೂರಕ್ಕೆ ಬಂದವು. ಆಗ ಜಾನ್‌ಗೆ 14 ವರ್ಷ. ಈ ರೈಲುಹಳಿಯೇ ಮುಂದೆ ಆತನ ಬಾಳಿನ ದಿಕ್ಕು ಬದಲಿಸಿತು.

ಮೊದಲ ಪೇಟೆಂಟ್

1879 ಜಾನ್ ಬ್ರೌನಿಂಗ್ ಪಾಲಿಗೆ ಏರಿಳಿತಗಳ ವರ್ಷ. ಏಪ್ರಿಲ್‌ನಲ್ಲಿ ರೇಚಲ್ ಚೈಲ್ಡ್ ಎಂಬಾಕೆಯೊಡನೆ ವಿವಾಹವಾಯಿತು. ಮೇ ತಿಂಗಳಲ್ಲಿ ತಾನು ರೂಪಿಸಿದ ಒಂಟಿಗುಂಡಿನ ರೈಫಲ್‌ಗೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದನು. ಜೂನ್‌ನಲ್ಲಿ ತಂದೆ ತೀರಿಕೊಂಡನು. ಅಕ್ಟೋಬರ್ 7ರಂದು ಪೇಟೆಂಟ್ ಕೈಸೇರಿತು. ಅದನ್ನು ನೋಡಲು ತಂದೆ ಇರಲಿಲ್ಲ.

ಅಣ್ಣತಮ್ಮಂದಿರು ಸೇರಿ ಆಗ್ಡೆನ್‌ನಲ್ಲಿ ಸಣ್ಣ ಕಾರ್ಖಾನೆಯೊಂದನ್ನು ಕಟ್ಟಿದರು. ಒಬ್ಬ ನಳಿಗೆ ಕೊರೆದರೆ ಒಬ್ಬ ಅರ ಹಾಕುವನು, ಇನ್ನೊಬ್ಬ ಹಿಡಿ ಕೆತ್ತುವನು. ಮ್ಯಾಟ್ ಲೆಕ್ಕಪತ್ರ ಮತ್ತು ವ್ಯಾಪಾರ ನೋಡಿಕೊಳ್ಳುವನು. ಇನ್ನೊಬ್ಬ ಸೋದರ ಎಡ್, ಜಾನ್‌ನ ಮನಸ್ಸಿನಲ್ಲಿ ಮೂಡಿದ್ದನ್ನು ಉಕ್ಕಿನಲ್ಲಿ ಇಳಿಸುವುದರಲ್ಲಿ ನಿಪುಣ. ಜಾನ್ ನಕ್ಷೆ ಬರೆಯುತ್ತಿದ್ದುದು ಅಪರೂಪ. ಕಾಗದದ ಮೇಲೆ ಗೀಚುವುದಕ್ಕಿಂತ ತಗಡು ಕತ್ತರಿಸಿ, ಉಕ್ಕು ಕೆತ್ತಿ, ಕೈಯಲ್ಲಿ ಹಿಡಿದು ನೋಡುವುದು ಆತನ ಕ್ರಮ. ಹೀಗೆ ಕೂಡುಕುಟುಂಬದ ಈ ಕಾರ್ಖಾನೆಯಲ್ಲಿ ಸುಮಾರು 600 ರೈಫಲ್‌ಗಳು ತಯಾರಾದವು.

ಅವುಗಳಲ್ಲೊಂದು ವಿಂಚೆಸ್ಟರ್ ಕಂಪನಿಯ ಮಾರಾಟಗಾರನೊಬ್ಬನ ಕಣ್ಣಿಗೆ ಬಿದ್ದಿತು. ಆತ ಅದನ್ನು ಕೊಂಡು ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿದ್ದ ಮುಖ್ಯ ಕಚೇರಿಗೆ ಕಳುಹಿಸಿದನು. ನೋಡಿದ ಕಂಪನಿಯ ವ್ಯವಸ್ಥಾಪಕ ಟಿ. ಜಿ. ಬೆನೆಟ್ 1883ರಲ್ಲಿ ರೈಲು ಹತ್ತಿ ಆಗ್ಡೆನ್‌ಗೆ ಬಂದನು. ದೇಶದ ಬಹುದೊಡ್ಡ ಬಂದೂಕು ಕಂಪನಿಯೊಂದರ ಯಜಮಾನ ಮಣ್ಣುರಸ್ತೆಯ ಊರಿನ ಅಂಗಡಿಗೆ ಬಂದು, 8,000 ಡಾಲರ್‌ಗೆ ಆ ರೈಫಲ್‌ನ ಹಕ್ಕನ್ನು ಕೊಂಡುಕೊಂಡನು. ಅದು ವಿಂಚೆಸ್ಟರ್‌ನ 1885ರ ಮಾದರಿಯಾಗಿ ಮಾರುಕಟ್ಟೆಗೆ ಬಂದಿತು. ಬ್ರೌನಿಂಗ್ ಮತ್ತು ವಿಂಚೆಸ್ಟರ್ ನಡುವಿನ ಸುಮಾರು ಇಪ್ಪತ್ತು ವರ್ಷಗಳ ಸಂಬಂಧ ಹೀಗೆ ಆರಂಭವಾಯಿತು.

ಲಿವರ್ ಕೋವಿಯ ಹುಟ್ಟು

ಇಲ್ಲಿ ಕೋವಿಗಳ ಬಗ್ಗೆ ಎರಡು ಮಾತು ಹೇಳಬೇಕು. ಕೊಡಗು, ಮಲೆನಾಡಿನ ಹಿನ್ನೆಲೆಯ ಓದುಗರು ಕೇಪಿನ ಕೋವಿ, ತೋಟಾ ಕೋವಿ, ಜೋಡುನಳಿಗೆ ಎಂಬ ಮಾತುಗಳನ್ನು ಹಿರಿಯರ ಬಾಯಲ್ಲಿ ಕೇಳಿಯೇ ಇರುತ್ತಾರೆ. ರೈಫಲ್‌ನಿಂದ ಹೊರಡುವುದು ಒಂದೇ ಗುಂಡು. ತೋಟಾ ಕೋವಿಯಿಂದ ಹೊರಡುವುದು ಹರಡಿಕೊಂಡು ಹಾರುವ ಚರೆಗಳು. ಹಾರುವ ಹಕ್ಕಿಗೆ, ಓಡುವ ಮೊಲಕ್ಕೆ ಚರೆಯೇ ಸೂಕ್ತ. ಬೋರ್ ಎಂಬ ಅಳತೆಯ ಲೆಕ್ಕವೂ ಸರಳ. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಮಾಡಿದರೆ ಅವುಗಳಲ್ಲೊಂದು ಹಿಡಿಯುವಷ್ಟು ಅಗಲದ ನಳಿಗೆ 12 ಬೋರ್. ಹತ್ತು ಗುಂಡು ಮಾಡಿದರೆ 10 ಬೋರ್, ಅಂದರೆ ಇನ್ನೂ ಅಗಲ.

1880ರ ದಶಕದವರೆಗೆ ಚರೆ ಕೋವಿಯೆಂದರೆ ಬಹುಮಟ್ಟಿಗೆ ಒಂಟಿನಳಿಗೆ ಅಥವಾ ಜೋಡುನಳಿಗೆಯೇ. ಎರಡು ಹೊಡೆತಗಳಾದ ಮೇಲೆ ಕೋವಿಯನ್ನು ಮಡಿಸಿ ಮತ್ತೆ ತೋಟಾ ಹಾಕಬೇಕು. ಐದಾರು ತೋಟಾ ಒಮ್ಮೆಗೇ ತುಂಬಿಟ್ಟು ಸರಸರನೆ ಹಾರಿಸಬಲ್ಲ ಕೋವಿ ವಿಂಚೆಸ್ಟರ್‌ಗೆ ಬೇಕಾಗಿತ್ತು. ಆದರೆ ಒಂದು ಕರಾರು: ಅದು ಲಿವರ್‌ನಿಂದಲೇ ನಡೆಯಬೇಕು. ವಿಂಚೆಸ್ಟರ್ ಎಂದರೆ ಲಿವರ್ ರೈಫಲ್ ಎಂದೇ ಜನರ ಮನಸ್ಸಿನಲ್ಲಿ ಅಚ್ಚೊತ್ತಿತ್ತು. ಆ ಹೆಸರಿನ ಬೆಲೆಯನ್ನು ಕಂಪನಿ ಕಳೆದುಕೊಳ್ಳಲು ಒಪ್ಪಲಿಲ್ಲ.

ಬ್ರೌನಿಂಗ್‌ಗೆ ಇದು ಸರಿಯೆನಿಸಲಿಲ್ಲ. ಮುಂಗೈ ಹಿಡಿಯುವ ಮರದ ತುಂಡನ್ನೇ ಹಿಂದಕ್ಕೂ ಮುಂದಕ್ಕೂ ಸರಿಸುವ ಪಂಪ್ ವಿಧಾನ ಚರೆ ಕೋವಿಗೆ ಹೆಚ್ಚು ಹೊಂದುತ್ತದೆ ಎಂದು ಆತ ಕಂಪನಿಗೆ ತಿಳಿಸಿದನು. ಕಾರಣವನ್ನು ಯಾರಾದರೂ ಊಹಿಸಬಹುದು. ರೈಫಲ್‌ನ ತೋಟಾಕ್ಕಿಂತ ಚರೆಯ ತೋಟಾ ಬಹಳ ದಪ್ಪ. ಅದನ್ನು ಎತ್ತಿ ಒಳತಳ್ಳುವ ಯಂತ್ರವೂ ದಪ್ಪನಾಗಬೇಕು, ಲಿವರ್ ದೂರದವರೆಗೆ ಚಲಿಸಬೇಕು. ಹಕ್ಕಿ ಹಾರುತ್ತಿರುವಾಗ ಬಲಗೈ ಟ್ರಿಗರ್ ಬಿಟ್ಟು ಲಿವರ್ ತಳ್ಳತೊಡಗಿದರೆ ಕೋವಿಯ ತುದಿ ಅಲುಗಾಡಿ ಗುರಿ ತಪ್ಪುತ್ತದೆ. ಪಂಪ್‌ನಲ್ಲಾದರೆ ಬಲಗೈ ತನ್ನ ಜಾಗದಲ್ಲೇ ಉಳಿಯುತ್ತದೆ, ಕೋವಿ ಹೆಗಲಿನಲ್ಲೇ ಕುಳಿತಿರುತ್ತದೆ. ಆದರೆ ಕಂಪನಿ ಪಟ್ಟು ಸಡಿಲಿಸಲಿಲ್ಲ.

ಒಪ್ಪದ ಕೆಲಸವನ್ನು ಅರೆಮನಸ್ಸಿನಿಂದ ಮುಗಿಸಿಕೊಟ್ಟು ಕೈತೊಳೆದುಕೊಳ್ಳುವ ದಾರಿ ಬ್ರೌನಿಂಗ್‌ಗೆ ತೆರೆದೇ ಇತ್ತು. ಆತ ಅದನ್ನು ಹಿಡಿಯಲಿಲ್ಲ. ದಪ್ಪ ತೋಟಾದ ತೊಡಕನ್ನು ಬಿಡಿಸಲು ರೈಫಲ್‌ನ ಯಂತ್ರವನ್ನು ಹಿಗ್ಗಿಸದೆ ಬೇರೆಯದೇ ಉಪಾಯ ಹೂಡಿದನು. ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ಗಟ್ಟಿಯೂ ಲಿವರೂ ಒಟ್ಟಿಗೆ ತಿರುಗುವಂತೆ ಜೋಡಿಸಿದನು. ಲಿವರ್ ಕೆಳಗಿಳಿದಂತೆ ಆ ಗಟ್ಟಿ ವೃತ್ತಾಕಾರವಾಗಿ ಹಿಂದಕ್ಕೆ ಹೊರಳುತ್ತದೆ, ಸುಟ್ಟ ತೋಟಾವನ್ನು ಸೆಳೆದು ಹೊರಗೆಸೆಯುತ್ತದೆ. ನಳಿಗೆಯ ಕೆಳಗಿನ ಕೊಳವೆಯಿಂದ ಹೊಸ ತೋಟಾ ಮೇಲೇರುತ್ತದೆ. ಲಿವರ್ ಮುಚ್ಚಿದಾಗ ತೋಟಾ ಒಳಸೇರಿ, ಗಟ್ಟಿ ತನ್ನ ಜಾಗದಲ್ಲಿ ಬಿಗಿಯಾಗಿ ಕೂರುತ್ತದೆ. ಕುದುರೆಯೂ ಆ ಗಟ್ಟಿಯೊಳಗೇ ಅಡಗಿದೆ. ಬಿಡಿಭಾಗಗಳು ಕಡಿಮೆ, ಇರುವಷ್ಟೂ ಗಟ್ಟಿಮುಟ್ಟು. 1886ರ ಫೆಬ್ರವರಿ 16ರಂದು ಇದಕ್ಕೆ ಪೇಟೆಂಟ್ ದೊರೆಯಿತು.

1887ರಲ್ಲಿ 10 ಮತ್ತು 12 ಬೋರ್‌ಗಳಲ್ಲಿ ಈ ಕೋವಿ ಮಾರುಕಟ್ಟೆಗೆ ಬಂದಿತು. ಕೊಳವೆಯಲ್ಲಿ ಐದು ತೋಟಾ ಹಿಡಿಯುತ್ತಿತ್ತು. ಅದಕ್ಕೂ ಮುನ್ನ ಕ್ರಿಸ್ಟೋಫರ್ ಸ್ಪೆನ್ಸರ್ ಪಂಪ್ ಕೋವಿಯೊಂದನ್ನು ತಂದಿದ್ದನಾದರೂ, ಅಮೆರಿಕದ ಅಂಗಡಿಗಳಲ್ಲಿ ನಿಜವಾಗಿ ನೆಲೆಯೂರಿದ ಮೊದಲ ಬಹುತೋಟಾ ಚರೆ ಕೋವಿಯೆಂಬ ಹೆಸರು ಬ್ರೌನಿಂಗ್‌ನ ಲಿವರ್ ಕೋವಿಗೇ ಸಂದಿತು. ಬೇಟೆಗಾರರಲ್ಲದೆ ಪಹರೆಯ ಕೆಲಸದವರೂ ಇದನ್ನು ಕೊಂಡರು. 1901ರವರೆಗೆ ಸುಮಾರು 65,000 ಕೋವಿಗಳು ತಯಾರಾದವು.

ಜಾರ್ಜಿಯಾದ ಅಂಗಡಿಯಲ್ಲಿ

ಕೋವಿ ಮಾರುಕಟ್ಟೆಗೆ ಬಂದ ವರ್ಷ ಅದರ ಕರ್ತೃ ಆಗ್ಡೆನ್‌ನಲ್ಲಿರಲಿಲ್ಲ. ಮಾರ್ಮನ್ ಪಂಥದಲ್ಲಿ ಗೃಹಸ್ಥರೂ ಕೆಲವು ಕಾಲ ಮನೆಮಠ ಬಿಟ್ಟು ಧರ್ಮಪ್ರಚಾರಕ್ಕೆ ಹೋಗುವ ವಾಡಿಕೆಯಿತ್ತು. 1887ರ ಮಾರ್ಚ್‌ನಲ್ಲಿ ಬ್ರೌನಿಂಗ್‌ಗೆ ಆ ಕರೆ ಬಂದಿತು. ಹೆಂಡತಿ ಮಕ್ಕಳನ್ನೂ ಕಾರ್ಖಾನೆಯನ್ನೂ ತಮ್ಮಂದಿರಿಗೆ ಒಪ್ಪಿಸಿ ದಕ್ಷಿಣದ ಜಾರ್ಜಿಯಾಕ್ಕೆ ತೆರಳಿದನು. ಅಲ್ಲಿ ಮಾರ್ಮನ್ನರಿಗೆ ಸ್ವಾಗತವಿರಲಿಲ್ಲ. 1879ರಲ್ಲಿ ಅದೇ ಸೀಮೆಯಲ್ಲಿ ಪ್ರಚಾರಕನೊಬ್ಬನನ್ನು ಗುಂಪು ಕೊಂದುಹಾಕಿತ್ತು. ಎರಡು ವರ್ಷಗಳ ಕಾಲ ಬ್ರೌನಿಂಗ್ ಅರ ಹಿಡಿಯಲಿಲ್ಲ, ಉಕ್ಕು ಕೆತ್ತಲಿಲ್ಲ. ಧೂಳಿನ ದಾರಿಯಲ್ಲಿ ನಡೆದು ಮನೆಮನೆಯ ಬಾಗಿಲು ತಟ್ಟಿದನು.

ಅಲ್ಲಿ ನಡೆದದ್ದೆಂದು ಕುಟುಂಬದವರು ದಾಖಲಿಸಿದ ಪ್ರಸಂಗವೊಂದಿದೆ. ಪಟ್ಟಣವೊಂದರ ಅಂಗಡಿಯ ಕಿಟಕಿಯಲ್ಲಿ ತನ್ನದೇ ಲಿವರ್ ಕೋವಿ ಮಾರಾಟಕ್ಕಿರುವುದನ್ನು ಬ್ರೌನಿಂಗ್ ಕಂಡನು. ತಡೆಯಲಾರದೆ ಒಳಹೊಕ್ಕು, ಅದನ್ನು ಕೈಗೆತ್ತಿಕೊಂಡು ಲಿವರನ್ನು ಸರಾಗವಾಗಿ ಆಡಿಸಿ ನೋಡಿದನು. ಹಳೆಯ ಬಟ್ಟೆಯ ಧರ್ಮಪ್ರಚಾರಕನಿಗೆ ಹೊಚ್ಚಹೊಸ ಕೋವಿಯ ಮರ್ಮ ಇಷ್ಟು ಚೆನ್ನಾಗಿ ತಿಳಿದಿರುವುದನ್ನು ಕಂಡು ಅಂಗಡಿಯವನು ಬೆರಗಾದನು. ಜೊತೆಗಿದ್ದವನು, ಇದನ್ನು ಕಂಡುಹಿಡಿದವನೇ ಈತನೆಂದು ತಿಳಿಸಿದರೆ ಅಂಗಡಿಯವನು ನಂಬುವನೇ?

ಮರಳಿದ ಮೇಲೆ

1889ರಲ್ಲಿ ಆಗ್ಡೆನ್‌ಗೆ ಹಿಂತಿರುಗಿದ ಬ್ರೌನಿಂಗ್ ತಡೆಹಿಡಿದ ನೀರು ಕಟ್ಟೆಯೊಡೆದಂತೆ ಕೆಲಸಕ್ಕಿಳಿದನು. ಆ ವರ್ಷವೇ ಗುರಿಯ ಮೈದಾನದಲ್ಲಿ ಒಂದು ಸಣ್ಣ ಸಂಗತಿ ಆತನ ಕಣ್ಣಿಗೆ ಬಿದ್ದಿತು. ಪ್ರತಿ ಹೊಡೆತಕ್ಕೂ ನಳಿಗೆಯ ಬಾಯಿಂದ ನುಗ್ಗಿದ ಗಾಳಿಗೆ ಎದುರಿನ ಹುಲ್ಲುಜೊಂಡು ಬಾಗುತ್ತಿತ್ತು. ವ್ಯರ್ಥವಾಗುತ್ತಿರುವ ಈ ಶಕ್ತಿಯಿಂದಲೇ ಕೋವಿಗೆ ತಾನಾಗಿ ತೋಟಾ ತುಂಬಿಸಬಾರದೇಕೆ ಎಂದು ಯೋಚಿಸಿದನು. ಅನಿಲದ ಒತ್ತಡದಿಂದ ನಡೆಯುವ ಮೆಷಿನ್‌ಗನ್ ಅಲ್ಲಿಂದ ಹುಟ್ಟಿತು. ಕೋಲ್ಟ್ ಕಂಪನಿ ಅದನ್ನು 1895ರ ಮಾದರಿಯಾಗಿ ತಯಾರಿಸಿತು.

ಚರೆ ಕೋವಿಯ ವಿಷಯದಲ್ಲಿ ತನ್ನ ಮೊದಲಿನ ಮಾತನ್ನು ಬ್ರೌನಿಂಗ್ ಮರೆತಿರಲಿಲ್ಲ. ಪಂಪ್ ಕೋವಿಯನ್ನು ರೂಪಿಸಿ ವಿಂಚೆಸ್ಟರ್ ಮುಂದಿಟ್ಟನು. ಅದು 1893ರ ಮಾದರಿಯಾಗಿ, ಸುಧಾರಿಸಿ 1897ರ ಮಾದರಿಯಾಗಿ ಬಂದಿತು. 1957ರವರೆಗೆ ತಯಾರಾದ ಈ ಕೋವಿಯ ಸಂಖ್ಯೆ ಹತ್ತು ಲಕ್ಷ ಮೀರಿತು. ಲಿವರ್ ಕೋವಿಯ ಲೆಕ್ಕದ ಪಕ್ಕದಲ್ಲಿ ಇದನ್ನಿಟ್ಟರೆ 1880ರ ದಶಕದ ವಾದದಲ್ಲಿ ಯಾರ ಮಾತು ಸರಿಯಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಷ್ಟರಲ್ಲಿ ಕಾಲವೂ ಬದಲಾಗಿತ್ತು. ದಟ್ಟ ಹೊಗೆಯುಗುಳುವ ಕರಿಮದ್ದಿನ ಜಾಗಕ್ಕೆ ಹೆಚ್ಚು ಒತ್ತಡದ ಹೊಗೆರಹಿತ ಮದ್ದು ಬಂದಿತ್ತು. 1887ರ ಕೋವಿ ಕರಿಮದ್ದಿಗಾಗಿ ಹುಟ್ಟಿದ್ದು. ಅದನ್ನು ಬಲಪಡಿಸಿ ವಿಂಚೆಸ್ಟರ್ 1901ರ ಮಾದರಿಯನ್ನು ಹೊರತಂದಿತಾದರೂ 10 ಬೋರ್‌ನಲ್ಲಿ ಮಾತ್ರ. 12 ಬೋರ್‌ನಲ್ಲಿ ತನ್ನದೇ ಪಂಪ್ ಕೋವಿಗೆ ಪೈಪೋಟಿಯಾಗುವುದು ಕಂಪನಿಗೆ ಬೇಕಿರಲಿಲ್ಲ. ಸುಮಾರು 13,500 ತಯಾರಾಗಿ 1920ರ ಹೊತ್ತಿಗೆ ಅದರ ಕತೆಯೂ ಮುಗಿಯಿತು.

ಬ್ರೌನಿಂಗ್ ಬರಿಯ ಕಾರ್ಖಾನೆಯ ಮನುಷ್ಯನಾಗಿರಲಿಲ್ಲ. ಸ್ವತಃ ಪಳಗಿದ ಗುರಿಕಾರ. 1890ರ ದಶಕದಲ್ಲಿ ಆತ, ತಮ್ಮ ಮ್ಯಾಟ್, ಮಿತ್ರರಾದ ಬೆಕರ್ ಮತ್ತು ಬಿಗೆಲೋ ಸೇರಿದ ನಾಲ್ವರ ತಂಡ ಪಶ್ಚಿಮದ ಚರೆ ಕೋವಿಯ ಸ್ಪರ್ಧೆಗಳಲ್ಲಿ ಹೆಸರು ಮಾಡಿತ್ತು. ನಾಲ್ವರ ಹೆಸರೂ ಒಂದೇ ಅಕ್ಷರದಿಂದ ಆರಂಭವಾಗುತ್ತಿದ್ದುದರಿಂದ ನಾಲ್ಕು ಬಿಗಳೆಂದೇ ಜನ ಅವರನ್ನು ಕರೆಯುತ್ತಿದ್ದರು. ಮಾಡಿದವನೇ ಬಳಸುವವನೂ ಆಗಿದ್ದುದರಿಂದ ಕೋವಿಯ ತೂಕ ಎಲ್ಲಿರಬೇಕು, ಕೈ ಎಲ್ಲಿ ಎಡವುತ್ತದೆ ಎಂಬುದು ಆತನಿಗೆ ಹೆಗಲಿನ ಅನುಭವದಿಂದಲೇ ತಿಳಿಯುತ್ತಿತ್ತು.

ವಿಂಚೆಸ್ಟರ್‌ನೊಡನೆ ಮುನಿಸು

ವಿಂಚೆಸ್ಟರ್ ಬ್ರೌನಿಂಗ್‌ನಿಂದ ಒಟ್ಟು 44 ವಿನ್ಯಾಸಗಳನ್ನು ಕೊಂಡಿತ್ತೆಂದು ಲೆಕ್ಕ. ತಯಾರಿಸಿದ್ದು ಹತ್ತನ್ನು ಮಾತ್ರ. ಉಳಿದವು ಎದುರಾಳಿಗಳ ಕೈಗೆ ಸಿಗದಿರಲೆಂದು ಕಪಾಟು ಸೇರಿದವು. ಪ್ರತಿಯೊಂದಕ್ಕೂ ಒಂದೇ ಬಾರಿಗೆ ಇಡಿಗಂಟು ಹಣ. ಎಷ್ಟು ಲಕ್ಷ ಮಾರಾಟವಾದರೂ ಕರ್ತೃವಿಗೆ ಮುಂದೆ ಬಿಡಿಗಾಸಿಲ್ಲ.

ಶತಮಾನದ ತಿರುವಿನಲ್ಲಿ ಬ್ರೌನಿಂಗ್ ತನ್ನ ಬಹುದಿನದ ಕನಸನ್ನು ಸಾಧಿಸಿದನು. ಅದು ತಾನಾಗಿಯೇ ತೋಟಾ ತುಂಬಿಕೊಳ್ಳುವ ಚರೆ ಕೋವಿ. ಹೊಡೆತದ ಹಿನ್ನೂಕಿಗೆ ನಳಿಗೆಯೂ ಅದರ ಹಿಂದಿನ ಬೋಲ್ಟೂ ಒಟ್ಟಿಗೆ ಹಿಂದೆ ಸರಿದು, ಬೇರ್ಪಟ್ಟು, ಮರಳುವಾಗ ಸುಟ್ಟದ್ದನ್ನು ಎಸೆದು ಹೊಸದನ್ನು ತುಂಬಿಕೊಳ್ಳುವ ಚಮತ್ಕಾರ. ಲಿವರೂ ಬೇಡ, ಪಂಪೂ ಬೇಡ. 1900ರ ಅಕ್ಟೋಬರ್ 9ರಂದು ಇದಕ್ಕೆ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ವಿಂಚೆಸ್ಟರ್‌ನ ಅಧ್ಯಕ್ಷನಾಗಿದ್ದ ಬೆನೆಟ್ ನಿರ್ಧಾರವನ್ನು ಮುಂದೂಡುತ್ತಲೇ ಹೋದನು. ಚೆನ್ನಾಗಿ ಮಾರಾಟವಾಗುತ್ತಿದ್ದ ಪಂಪ್ ಕೋವಿಗೆ ಪೆಟ್ಟು ಬೀಳುವ ಅಂಜಿಕೆಯೂ ಇತ್ತು.

ಈ ಬಾರಿ ಬ್ರೌನಿಂಗ್ ಮಣಿಯಲಿಲ್ಲ. ಇಡಿಗಂಟು ಬೇಡ, ಮಾರಾಟವಾದ ಪ್ರತಿ ಕೋವಿಗೂ ರಾಯಲ್ಟಿ ಬೇಕೆಂದು ಕೇಳಿದನು. ಬೆನೆಟ್ ಒಪ್ಪಲಿಲ್ಲ. 1902ರಲ್ಲಿ ಸಂಬಂಧ ಕಡಿಯಿತು. ಬ್ರೌನಿಂಗ್ ರೆಮಿಂಗ್ಟನ್ ಕಂಪನಿಯ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿಯನ್ನು ಕಾಣಲು ಹೋದನು. ವಿಧಿಯಾಟವೆಂಬಂತೆ ಜನವರಿ 8ರಂದು, ಭೇಟಿಗಾಗಿ ಕಾದಿದ್ದ ದಿನವೇ, ಹಾರ್ಟ್ಲಿ ಹೃದಯಾಘಾತದಿಂದ ನಿಧನನಾದನು. ಬ್ರೌನಿಂಗ್ ಧೃತಿಗೆಡದೆ, ತನ್ನ ಮಾದರಿ ಕೋವಿಯನ್ನು ಕಟ್ಟಿಕೊಂಡು ಬೆಲ್ಜಿಯಂಗೆ ಹಡಗು ಹತ್ತಿದನು.

ಬೆಲ್ಜಿಯಂನ ಲಿಯೇಜ್ ಬಳಿಯ ಹೆರ್ಸ್ತಾಲ್ ಎಂಬಲ್ಲಿ ಎಫ್‌ಎನ್ ಎಂಬ ಕಾರ್ಖಾನೆಯಿತ್ತು. 1889ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ 1897ರಲ್ಲೇ ಬ್ರೌನಿಂಗ್ ತನ್ನ ಪಿಸ್ತೂಲಿನ ಹಕ್ಕನ್ನು ಕೊಟ್ಟಿದ್ದನು. ಆ ಪಿಸ್ತೂಲುಗಳು ಎಷ್ಟು ಹೆಸರುವಾಸಿಯಾದವೆಂದರೆ ಫ್ರೆಂಚ್ ಭಾಷೆಯಲ್ಲಿ ಬ್ರೌನಿಂಗ್ ಎಂಬುದು ಪಿಸ್ತೂಲಿಗೆ ಇನ್ನೊಂದು ಹೆಸರೇ ಆಯಿತು. 1902ರ ಮಾರ್ಚ್‌ನಲ್ಲಿ ಹೊಸ ಕೋವಿಗೂ ಒಪ್ಪಂದವಾಯಿತು. ಬ್ರೌನಿಂಗ್ ತಾನೇ 10,000 ಕೋವಿಗಳಿಗೆ ಬೇಡಿಕೆಯಿತ್ತು ಅಮೆರಿಕಕ್ಕೆ ತರಿಸಿಕೊಂಡನು. ಅಂದು ಇತರರು ಹಿಂಜರಿದಲ್ಲಿ ತನ್ನ ಹಣವನ್ನೇ ತನ್ನ ಮಾತಿಗೆ ಒತ್ತೆಯಿಟ್ಟನೆನ್ನಬೇಕು. ಆಟೋ-5 ಎಂದು ಪ್ರಸಿದ್ಧವಾದ ಆ ಕೋವಿ 1998ರವರೆಗೂ ತಯಾರಾಗುತ್ತಿತ್ತು. ಅಮೆರಿಕದಲ್ಲಿ ರೆಮಿಂಗ್ಟನ್ ಕೂಡ 1905ರಿಂದ ಅದನ್ನು ತನ್ನ ಹೆಸರಿನಲ್ಲಿ ತಯಾರಿಸಿತು. ವಿಂಚೆಸ್ಟರ್ ತಡವಾಗಿ ಎಚ್ಚೆತ್ತು 1911ರಲ್ಲಿ ತನ್ನದೊಂದನ್ನು ಹೊರತಂದಾಗ ಎಲ್ಲ ಸುಲಭದ ದಾರಿಗಳಿಗೂ ಬ್ರೌನಿಂಗ್‌ನ ಪೇಟೆಂಟ್ ಬೇಲಿ ಹಾಕಿತ್ತು.

ಯುದ್ಧದ ನೆರಳು

ಬ್ರೌನಿಂಗ್‌ನ ಕತೆಯನ್ನು ಬೇಟೆ ಮತ್ತು ಸ್ಪರ್ಧೆಗಳ ಕೋವಿಗಳಿಗೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 1911ರ ಮಾರ್ಚ್ 29ರಂದು ಅಮೆರಿಕದ ಸೇನೆ ಆತನ ಪಿಸ್ತೂಲನ್ನು ಸ್ವೀಕರಿಸಿತು. ಅದಕ್ಕೂ ಮುನ್ನ ನಡೆದ ಪರೀಕ್ಷೆಯಲ್ಲಿ ಅದು 6,000 ಗುಂಡುಗಳನ್ನು ತಡೆಯಿಲ್ಲದೆ ಹಾರಿಸಿತ್ತು. 1985ರವರೆಗೆ ಅದೇ ಆ ಸೇನೆಯ ಅಧಿಕೃತ ಪಿಸ್ತೂಲು.

1914ರಲ್ಲಿ ಬೆಲ್ಜಿಯಂನ ಅರಸ ಬ್ರೌನಿಂಗ್‌ಗೆ ಲಿಯೋಪೋಲ್ಡ್ ಪದವಿಯನ್ನಿತ್ತು ಗೌರವಿಸಿದನು. ಅದೇ ವರ್ಷ ಜೂನ್ 28ರಂದು ಸರಾಯೆವೊ ನಗರದಲ್ಲಿ ಗಾವ್ರಿಲೋ ಪ್ರಿನ್ಸಿಪ್ ಎಂಬ ಯುವಕ ಆಸ್ಟ್ರಿಯಾದ ಯುವರಾಜ ದಂಪತಿಗಳನ್ನು ಕೊಂದನು. ಆತನ ಕೈಯಲ್ಲಿದ್ದುದು ಎಫ್‌ಎನ್ ಕಾರ್ಖಾನೆಯಲ್ಲಿ ತಯಾರಾದ, ಬ್ರೌನಿಂಗ್ ವಿನ್ಯಾಸದ 1910ರ ಪಿಸ್ತೂಲು. ವಾರಗಳಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಆಗಸ್ಟ್‌ನಲ್ಲಿ ಜರ್ಮನ್ ಸೇನೆ ಬೆಲ್ಜಿಯಂ ಹೊಕ್ಕು, ಹೆರ್ಸ್ತಾಲ್ ಕಾರ್ಖಾನೆಯೇ ಶತ್ರುಗಳ ವಶವಾಯಿತು. ಸಂಶೋಧಕನ ಕೈಬಿಟ್ಟ ವಸ್ತು ಎಲ್ಲಿಗೆ ಹೋಗಿ ಏನು ಮಾಡುವುದೆಂಬುದು ಆತನ ಹತೋಟಿಯಲ್ಲಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಕೆ?

1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಅದರ ಬಳಿ ಸಾಕಷ್ಟು ಮೆಷಿನ್‌ಗನ್‌ಗಳಿರಲಿಲ್ಲ. ಬ್ರೌನಿಂಗ್ ರೂಪಿಸಿದ ಮೆಷಿನ್‌ಗನ್ ಮೇ ತಿಂಗಳ ಸರ್ಕಾರಿ ಪರೀಕ್ಷೆಯಲ್ಲಿ 20,000 ಗುಂಡುಗಳನ್ನು ಹಾರಿಸಿ, ಮತ್ತೆ ಅಷ್ಟೇ ಹಾರಿಸಿ ಪರೀಕ್ಷಕರನ್ನು ಬೆರಗುಗೊಳಿಸಿತು. ಸೈನಿಕನೊಬ್ಬನೇ ಹೊತ್ತೊಯ್ಯಬಲ್ಲ ಸ್ವಯಂಚಾಲಿತ ರೈಫಲ್ ಒಂದನ್ನೂ ಆತ ಒದಗಿಸಿದನು. ಸರ್ಕಾರ ಹಕ್ಕುಗಳಿಗಾಗಿ 7,50,000 ಡಾಲರ್ ಕೊಡಲು ಮುಂದಾಯಿತು. ರಾಯಲ್ಟಿ ಕೇಳಿದ್ದರೆ ಅದರ ಹಲವು ಪಟ್ಟು ಬರುತ್ತಿತ್ತು. ರಾಯಲ್ಟಿಗಾಗಿ ವಿಂಚೆಸ್ಟರ್ ಸಂಬಂಧವನ್ನೇ ತೊರೆದವನು ಇಲ್ಲಿ ಚೌಕಾಸಿ ಮಾಡದೆ ಒಪ್ಪಿದನು. ಮಗ ವ್ಯಾಲ್ ಆ ಆಯುಧಗಳೊಡನೆ ಫ್ರಾನ್ಸಿನ ರಣರಂಗಕ್ಕೆ ಹೋದನು.

ಆ ಆಯುಧಗಳಿಂದ ಸತ್ತವರ ಲೆಕ್ಕ ಯಾರ ಬಳಿಯೂ ಇಲ್ಲ. ಬ್ರೌನಿಂಗ್‌ನ ಕೈಚಳಕವನ್ನು ಮೆಚ್ಚುವವರು ಈ ಮಾತನ್ನು ಬದಿಗೆ ಸರಿಸಿ ಮೆಚ್ಚಲಾಗದು. ಕುಲುಮೆಯ ಸದ್ದಿನಲ್ಲಿ ಬೆಳೆದ ಧರ್ಮಭೀರುವೊಬ್ಬ ತನಗೆ ತಿಳಿದ ಒಂದೇ ವಿದ್ಯೆಯನ್ನು ಕೊನೆಯವರೆಗೂ ನಿಷ್ಠೆಯಿಂದ ಮಾಡಿದನು. ಆ ನಿಷ್ಠೆ ದೊಡ್ಡದು, ಅದರ ಪರಿಣಾಮ ಘೋರ. ಎರಡೂ ಒಂದೇ ಬದುಕಿನ ಮಾತುಗಳು.

ಕೊನೆಯ ಪಯಣ

ಬಾಲ್ಯದಲ್ಲಿ ಕೆಂಡ ಹಿಡಿದು ಜೊತೆ ನಿಂತಿದ್ದ ತಮ್ಮ ಮ್ಯಾಟ್ 1923ರಲ್ಲಿ ತೀರಿಕೊಂಡನು. ಜಾನ್ ಕೆಲಸ ನಿಲ್ಲಿಸಲಿಲ್ಲ. ಎಪ್ಪತ್ತು ದಾಟಿದ ಮೇಲೂ ಅಟ್ಲಾಂಟಿಕ್ ಸಾಗರವನ್ನು ಹಾಯ್ದು ಹೆರ್ಸ್ತಾಲ್‌ಗೆ ಹೋಗಿಬರುತ್ತಿದ್ದನು. ಆಗ ಕೈಯಲ್ಲಿದ್ದ ಕೆಲಸಗಳಲ್ಲಿ ಒಂದು, ನಳಿಗೆಯ ಮೇಲೆ ನಳಿಗೆಯಿರುವ ಚರೆ ಕೋವಿ. ಇನ್ನೊಂದು ಹೊಸ ಪಿಸ್ತೂಲು. 1926ರ ನವೆಂಬರ್ 26ರಂದು ಕಾರ್ಖಾನೆಯಲ್ಲಿ ಕೆಲಸದ ನಡುವೆ ಎದೆನೋವು ಕಾಣಿಸಿತು. ಮಗ ವ್ಯಾಲ್‌ನ ಕೋಣೆಯಲ್ಲಿ ಮಲಗಿಸಿದರು. ಅಲ್ಲಿಯೇ ಪ್ರಾಣ ಹೋಯಿತು. ಹುಟ್ಟೂರಿನಿಂದ ಸಾವಿರಾರು ಮೈಲಿ ದೂರದಲ್ಲಿ, ಆದರೆ ಯಂತ್ರಗಳ ಸದ್ದಿನ ಪರಿಚಿತ ಲೋಕದಲ್ಲಿ ಆತ ಕಣ್ಣು ಮುಚ್ಚಿದನು. ದೇಹವನ್ನು ಆಗ್ಡೆನ್‌ಗೆ ಒಯ್ದು ಮಣ್ಣು ಮಾಡಲಾಯಿತು. ಆತನ ಹೆಸರಿನಲ್ಲಿದ್ದ ಪೇಟೆಂಟ್‌ಗಳು 128.

ಅರ್ಧಕ್ಕೆ ನಿಂತ ಜೋಡುನಳಿಗೆ ಕೋವಿಯನ್ನು ವ್ಯಾಲ್ ಪೂರ್ಣಗೊಳಿಸಿದನು. ಪಿಸ್ತೂಲನ್ನು ಎಫ್‌ಎನ್‌ನ ವಿನ್ಯಾಸಕಾರ ದ್ಯೂದೊನೆ ಸೇವ್ ಮುಗಿಸಿ, ಅದು 1935ರಲ್ಲಿ ಹೈ ಪವರ್ ಎಂಬ ಹೆಸರಿನಿಂದ ಹೊರಬಂದಿತು. ಇದಕ್ಕೂ ನಮಗೂ ಒಂದು ನಂಟಿದೆ. ಭಾರತೀಯ ಸೇನೆಯ ಅಧಿಕಾರಿಗಳು ಬಹುಕಾಲ ಸೊಂಟಕ್ಕೆ ಕಟ್ಟಿಕೊಂಡ, ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾದ 9 ಮಿಲಿಮೀಟರ್ ಪಿಸ್ತೂಲು ಈ ಹೈ ಪವರ್‌ನ ಪಡಿಯಚ್ಚು. ಸೇನೆಯಲ್ಲಿದ್ದ ಎಷ್ಟೋ ಕನ್ನಡಿಗರು ಆಗ್ಡೆನ್‌ನ ಕಮ್ಮಾರನ ಕೊನೆಯ ಕೆಲಸವನ್ನು ತಿಳಿದೋ ತಿಳಿಯದೆಯೋ ಕೈಯಲ್ಲಿ ಹಿಡಿದಿದ್ದಾರೆ.

ಸಂಗ್ರಾಹಕರ ಕೈಯಲ್ಲಿ

ಮತ್ತೆ ಲಿವರ್ ಕೋವಿಗೆ ಬರೋಣ. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898ರಲ್ಲಿ ಅಥವಾ ಅದಕ್ಕೂ ಮುನ್ನ ತಯಾರಾದ ಬಂದೂಕು ಪುರಾತನ ವಸ್ತುವೆನಿಸುತ್ತದೆ. 1887ರ ಮಾದರಿಯ ಹೆಚ್ಚಿನ ಕೋವಿಗಳು ಈ ಗಡಿಯೊಳಗೇ ಬರುತ್ತವೆ. ಕೊಳ್ಳುವವರು ಮೊದಲು ನೋಡುವುದು ಕ್ರಮಸಂಖ್ಯೆಯನ್ನು, ಬಳಿಕ ಎಡಬದಿಯ ಉಕ್ಕಿನ ಮೇಲೆ ಹೆಣೆದುಕೊಂಡಿರುವ ಕಂಪನಿಯ ಅಕ್ಷರಮುದ್ರೆ ಎಷ್ಟು ಸವೆದಿದೆಯೆಂಬುದನ್ನು. ನಳಿಗೆ ಮೂಲದ್ದೇ, ಯಾರಾದರೂ ಕತ್ತರಿಸಿ ಗಿಡ್ಡ ಮಾಡಿದ್ದಾರೆಯೇ ಎಂಬುದು ಮುಂದಿನ ಪ್ರಶ್ನೆ. ವಿಂಚೆಸ್ಟರ್ ಕಾರ್ಖಾನೆಯ ಹಳೆಯ ದಫ್ತರಗಳು ವಯೋಮಿಂಗ್ ರಾಜ್ಯದ ಕೋಡಿ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿವೆ.

ಹಾರಿಸುವವರ ಎಚ್ಚರಿಕೆ ಬೇರೆಯೇ. ಹಳೆಯ 12 ಬೋರ್ ಕೋವಿಯ ತೋಟಾಮನೆಯ ಉದ್ದ ಎರಡೂ ಐದೆಂಟಾಂಶ ಇಂಚು. ಇಂದಿನ ಸಾಮಾನ್ಯ ತೋಟಾ ಎರಡೂಮುಕ್ಕಾಲು ಇಂಚು. ನೋಡಲು ಒಳಗೆ ಕೂತರೂ, ಹೊಡೆದಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಅಪಾಯದ ಮಟ್ಟಕ್ಕೇರಬಹುದು. ಮದ್ದಿನ ಬಲವೂ ಹಳೆಯ ಉಕ್ಕಿಗೆ ಹೆಚ್ಚು. ಆದ್ದರಿಂದ ಬಲ್ಲವರು ನುರಿತ ಕೋವಿ ಕಮ್ಮಾರನಿಂದ ಪರೀಕ್ಷೆ ಮಾಡಿಸಿ, ಗಿಡ್ಡ ತೋಟಾಗಳಲ್ಲಿ ಕರಿಮದ್ದು ಅಥವಾ ಅತಿ ಹಗುರ ಮದ್ದು ತುಂಬಿಯೇ ಹಾರಿಸುತ್ತಾರೆ. ಕರಿಮದ್ದಿನ ಮಸಿ ತೇವ ಹೀರಿ ಉಕ್ಕನ್ನು ತಿನ್ನುವುದರಿಂದ ಅಂದೇ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚುವುದು ನಿಯಮ.

1980ರ ದಶಕದಿಂದ ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ವೇಷತೊಟ್ಟು ಆ ಕಾಲದ ಬಂದೂಕುಗಳಿಂದಲೇ ಸ್ಪರ್ಧಿಸುವ ಕ್ರೀಡೆ ಬೆಳೆದ ಮೇಲೆ ಈ ಕೋವಿಗೆ ಎರಡನೆಯ ಆಯುಷ್ಯ ಬಂದಿತು. ಚೀನಾ ಮತ್ತು ಇಟಲಿಯ ಕಾರ್ಖಾನೆಗಳು ಅದರ ಹೊಸ ಪ್ರತಿಗಳನ್ನೂ ತಯಾರಿಸಿದವು. ಸಿನಿಮಾದಲ್ಲಿ ಕಂಡಂತೆ ತಿರುಗಿಸುವ ಸಾಹಸವನ್ನು ಮಾತ್ರ ಹಳೆಯ ಕೋವಿಯಲ್ಲಿ ಯಾರೂ ಮಾಡಬಾರದು. ಚಿತ್ರಕ್ಕಾಗಿ ಅದರ ಲಿವರ್ ಬಳೆಯನ್ನೇ ಬದಲಿಸಲಾಗಿತ್ತು.

ಮಾರುಕಟ್ಟೆಯ ಲೆಕ್ಕದಲ್ಲಿ 1887ರ ಕೋವಿ ಪಂಪ್ ಕೋವಿಗೆ ಸೋತಿತು, ಸೋಲಬೇಕಾದದ್ದೇ ಆಗಿತ್ತು. ಆದರೂ ನೂರಾಮೂವತ್ತು ವರ್ಷಗಳ ಬಳಿಕವೂ ಅದರ ಲಿವರ್ ತಳ್ಳಿದರೆ ಉಕ್ಕಿನ ಗಟ್ಟಿ ಹೊರಳಿ ತೋಟಾ ತನ್ನ ಜಾಗಕ್ಕೆ ಬಂದು ಕೂರುತ್ತದೆ. ತಾನು ಒಪ್ಪದ ಕೆಲಸದಲ್ಲಿಯೂ ಬ್ರೌನಿಂಗ್ ಕೈ ಕಳ್ಳತನ ಮಾಡಲಿಲ್ಲ. ಹತ್ತರ ವಯಸ್ಸಿನಲ್ಲಿ ತಂದೆಯಿಂದ ಕೇಳಿದ ಮಾತಿಗೆ ಬದುಕಿಡೀ ಆತ ಕೊಡುತ್ತಾ ಬಂದ ಉತ್ತರಗಳಲ್ಲಿ ಇದೂ ಒಂದು.